ಹಬೆ ಆರಿದ ಮೇಲೂ ಅದೇ ಹಡಗೇ?

1914ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ‘ಮೆಡೀನಾ’ ಎಂಬ ಸರಕು ಹಡಗು ನೀರಿಗಿಳಿಯಿತು. ಉಕ್ಕಿನ ಒಡಲು, ಹೊಟ್ಟೆಯಲ್ಲಿ ಕಲ್ಲಿದ್ದಲು ತಿನ್ನುವ ಬಾಯ್ಲರುಗಳು. ಮುಂದೆ ಅದು ಪ್ರಯಾಣಿಕರ ಹಡಗಾಗಿ ‘ರೋಮಾ’ ಎನಿಸಿಕೊಂಡಿತು. 1952ರಲ್ಲಿ ಇಟಲಿಯ ಕೋಸ್ಟಾ ಕಂಪನಿ ಅದನ್ನು ಕೊಂಡು ‘ಫ್ರಾಂಕಾ ಸಿ’ ಎಂದು ಹೆಸರಿಟ್ಟಿತು. ಹಳೆಯ ಹಬೆಯಂತ್ರವನ್ನು ಕಿತ್ತು ಡೀಸೆಲ್ ಯಂತ್ರ ಕೂರಿಸಿತು. 1977ರ ನಂತರ ‘ಡೌಲೋಸ್’ ಎಂಬ ಹೆಸರಿನಲ್ಲಿ ಪುಸ್ತಕದಂಗಡಿಯನ್ನು ಹೊತ್ತು ಬಂದರಿನಿಂದ ಬಂದರಿಗೆ ಅಲೆಯಿತು. 2009ರ ಕೊನೆಯವರೆಗೂ ದುಡಿದು, ಈಗ ಇಂಡೋನೇಷ್ಯಾದ ಬಿಂತಾನ್ ದ್ವೀಪದ ನೆಲದ ಮೇಲೆ ಹೋಟೆಲಾಗಿ ನಿಂತಿದೆ.

ಹೆಸರು ಬದಲಾಯಿತು, ಕೆಲಸ ಬದಲಾಯಿತು, ಯಂತ್ರವೂ ಬದಲಾಯಿತು. ಹಾಗಾದರೆ ಇದು ಅದೇ ಹಡಗೇ? ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಕತೆಯನ್ನು ಪ್ಲುಟಾರ್ಕ್ ಹೇಳಿದ ಕಾಲದಿಂದ ತತ್ವಶಾಸ್ತ್ರ ಈ ಪ್ರಶ್ನೆಯನ್ನು ಕೇಳುತ್ತಲೇ ಇದೆ. ಮೆಡೀನಾದ ವಿಷಯದಲ್ಲಿ ಒಡಲು ಉಳಿಯಿತು, ಹೃದಯ ಹೋಯಿತು. ಒಡಲೇ ಹಡಗು ಎನ್ನುವವರಿಗೆ ಉತ್ತರ ಸುಲಭ.

ಆದರೆ ಯಂತ್ರದ ಜೊತೆಗೆ ಹೋಗುವುದು ಬರೀ ಕಬ್ಬಿಣವಲ್ಲ. ಹಬೆಯಂತ್ರದಲ್ಲಿ ಬೆಂಕಿ ಒಂದು ಕಡೆ, ಕೆಲಸ ಇನ್ನೊಂದು ಕಡೆ. ಬಾಯ್ಲರಿನಲ್ಲಿ ನೀರು ಕುದಿದು, ಆ ಹಬೆ ಯಂತ್ರದ ಕೊಂತವನ್ನು ತಳ್ಳಬೇಕು. ಆ ಬೆಂಕಿಗೆ ಹಗಲೂ ರಾತ್ರಿ ಸಲಿಕೆಯಲ್ಲಿ ಕಲ್ಲಿದ್ದಲು ಉಣಿಸುವವರು ಬೇಕು. ಬ್ರಿಟಿಷ್ ಹಡಗುಗಳಲ್ಲಿ ಆ ಕೆಲಸಕ್ಕೆ ಸಿಲ್ಹೆಟ್‌ನಿಂದಲೂ ಪಂಜಾಬಿನಿಂದಲೂ ಹೋದ ನಮ್ಮವರಿದ್ದರು. ‘ಆಗ್‌ವಾಲಾ’ ಎಂದೇ ಅವರಿಗೆ ಹೆಸರು. ಬಾಯ್ಲರಿಗೆ ಎಣ್ಣೆ ಬಂದಾಗ ಸಲಿಕೆ ಹೋಯಿತು. ಡೀಸೆಲ್ ಬಂದಾಗ ಬಾಯ್ಲರೇ ಹೋಯಿತು: ಗಾಳಿಯನ್ನು ಒತ್ತಿ ಕಾಯಿಸಿ, ಸಿಲಿಂಡರಿನ ಒಳಗೇ ಇಂಧನ ಉರಿಯುವ ಯಂತ್ರಕ್ಕೆ ಅಷ್ಟು ಜನ ಬೇಡ, ಅಷ್ಟು ಜಾಗವೂ ಬೇಡ.

ಈ ಬದಲಾವಣೆ ತಪ್ಪೇ? ಅಲ್ಲ. ಕುಲುಮೆಯ ಎದುರು ಬೇಯುವ ಆ ದುಡಿಮೆಯನ್ನು ಈಗ ಕುಳಿತು ನೆನೆದು ‘ಎಂಥ ಚೆಂದದ ಕಾಲ’ ಎನ್ನುವುದು, ಆ ಬೆವರನ್ನು ಎಂದೂ ಸುರಿಸದವರ ಮಾತು. ಯಂತ್ರ ಬದಲಾಗದಿದ್ದರೆ ಹಡಗು ಬಹುಶಃ ಗುಜರಿಗೆ ಹೋಗುತ್ತಿತ್ತು. ಆದರೆ ಕೆಲಸ ಕೆಟ್ಟದಾಗಿತ್ತು ಎಂಬುದು ಕೆಲಸ ಕಳೆದುಕೊಂಡವನ ಮನೆಯ ಒಲೆಯನ್ನು ಹೊತ್ತಿಸುವುದಿಲ್ಲ. ಬದಲಾವಣೆ ಸರಿ ಎಂದು ಒಪ್ಪಿದ ಮೇಲೂ ಈ ಲೆಕ್ಕ ಬಾಕಿ ಉಳಿಯುತ್ತದೆ.

‘ಅದೇ ಹಡಗೇ?’ ಎಂಬ ಪ್ರಶ್ನೆ ನನಗೆ ನೈತಿಕವಾಗಿ ಕಾಣುವುದು ಇಲ್ಲಿ. 1914ರ ಹಡಗು ಎಂದು ನಾವು ಹೆಮ್ಮೆಯಿಂದ ಹೇಳುವಾಗ ಅದರ ಆಯುಷ್ಯವನ್ನೆಲ್ಲ ನಮ್ಮದೆಂದು ಹೇಳಿಕೊಳ್ಳುತ್ತೇವೆ. ಹಾಗಿದ್ದರೆ ಆ ಆಯುಷ್ಯದ ಋಣವೂ ನಮ್ಮದೇ. ಹೊಸ ಹಡಗು ಎಂದರೆ ಋಣವಿಲ್ಲ, ಹೆಮ್ಮೆಯೂ ಇಲ್ಲ. ಹೆಮ್ಮೆಯ ದಿನ ಹಳೆಯದು, ಲೆಕ್ಕದ ದಿನ ಹೊಸದು ಎನ್ನಲು ಬರುವುದಿಲ್ಲ.

ಸ್ಥಾಪನೆಯಾದ ವರ್ಷವನ್ನು ಬೋರ್ಡಿನ ಮೇಲೆ ಬರೆಸಿಕೊಳ್ಳುವ ಸಂಸ್ಥೆಗಳೂ ಮನೆತನಗಳೂ ಈ ಮಾತನ್ನು ಕೇಳಿಕೊಳ್ಳಬಹುದು. ಆ ವರ್ಷದಲ್ಲಿ ಕೆಳಗೆ ಬೆಂಕಿಯ ಮುಂದೆ ನಿಂತಿದ್ದವರು ಯಾರು, ಅವರನ್ನು ಯಾವ ಬಂದರಿನಲ್ಲಿ ಇಳಿಸಿ ಬಂದೆವು?