ಬಂದದ್ದನ್ನು ಹಾಗೆಯೇ ಕಳಿಸಿದ್ದೇವೆ

ಒಳ್ಳೆಯದು ಸಿಕ್ಕರೆ ಒಬ್ಬರೇ ಇಟ್ಟುಕೊಳ್ಳುವುದು ನಮಗೆ ಗೊತ್ತಿಲ್ಲ. ಹಬ್ಬದ ದಿನ ಶೀರ್‌ಖುರ್ಮಾ ಪಕ್ಕದ ನಾಲ್ಕು ಮನೆಗೆ ಹೋಗದೆ ನಮ್ಮ ಗಂಟಲಲ್ಲಿ ಇಳಿಯುವುದಿಲ್ಲ. ಮೊಬೈಲಿನಲ್ಲಿ ಸಿಕ್ಕಿದ್ದನ್ನೂ ಅದೇ ಮನಸ್ಸಿನಿಂದ ಹಂಚುತ್ತೇವೆ: ಮಂತ್ರಿಯೊಬ್ಬರ ಭಾಷಣದ ತುಣುಕು, ಹೊಸ ಯಂತ್ರದ ಸುದ್ದಿ, ಗಂಡ-ಹೆಂಡಿರ ನಗೆಹನಿ, ಯಾವುದೋ ಹಳೆಯ ಕವ್ವಾಲಿ. ದೂರದ ದಮ್ಮಾಮ್‌ನಲ್ಲಿ ದುಡಿಯುವ ಹುಡುಗನನ್ನು ಊರಿನ ಒಂದು ಜೋಕು ನಗಿಸಿದರೆ ಅದೂ ಪುಣ್ಯದ ಕೆಲಸವೇ. ಆದರೆ ಖುರ್ಮಾ ಕಳಿಸುವ ಮುನ್ನ ಹಾಲು ಒಡೆದಿದೆಯೇ ಎಂದು ರುಚಿ ನೋಡುತ್ತೇವೆ. ಸುದ್ದಿಗೆ ಮಾತ್ರ ಆ ಶಿಸ್ತು ಇಲ್ಲ.

2018ರಲ್ಲಿ ಒಂದು ವೀಡಿಯೋ ನಮ್ಮ ಕೈಗೂ ಬಂದಿತ್ತು. ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಬೈಕಿನಲ್ಲಿ ಬಂದ ಇಬ್ಬರು ಎತ್ತಿಕೊಂಡು ಹೋಗುವ ದೃಶ್ಯ. ಮಕ್ಕಳ ಕಳ್ಳರು ನಮ್ಮ ಕಡೆಗೂ ಬಂದಿದ್ದಾರೆ, ಎಚ್ಚರ ಎಂದು ಕೆಳಗೆ ಬರೆದಿತ್ತು. ಚಿಕ್ಕ ಮಕ್ಕಳಿರುವ ಮನೆಗಳು ನೆನಪಾದವು. ಕುಟುಂಬದ ಗುಂಪಿಗೆ ಕಳಿಸಿದೆವು. ಕೇಡಿನ ಮನಸ್ಸಿನಿಂದಲ್ಲ, ಪ್ರೀತಿಯಿಂದ.

ಅದು ಕರಾಚಿಯ ರೋಶನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ ಜಾಗೃತಿ ಚಿತ್ರ ಎಂಬುದು ಆಮೇಲೆ ತಿಳಿಯಿತು. ಮೂಲದಲ್ಲಿ ಆ ಬೈಕಿನವರು ಮಗುವನ್ನು ಹಿಂದಕ್ಕೆ ತಂದು ಬಿಡುತ್ತಾರೆ, ತಂದೆತಾಯಿಗಳನ್ನು ಎಚ್ಚರಿಸುವ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಕಥೆ ಬರೆಯುವವರಿಗೆ ಗೊತ್ತು, ಕೊನೆಯ ಒಂದು ಸಾಲು ತೆಗೆದರೆ ಇಡೀ ಕಥೆ ತಿರುಗಿಬೀಳುತ್ತದೆ. ಮಕ್ಕಳನ್ನು ಉಳಿಸಲು ಮಾಡಿದ್ದು ದೊಡ್ಡವರನ್ನು ಕೊಲ್ಲುವ ಸಾಧನವಾಯಿತು. ಆ ವರ್ಷ ಜುಲೈ 1ರಂದು ಮಹಾರಾಷ್ಟ್ರದ ಧುಲೆ ಜಿಲ್ಲೆಯ ರೈನ್‌ಪಾಡಾದಲ್ಲಿ ಇಂಥದೇ ವದಂತಿಗೆ ಐವರು ಬಲಿಯಾದರು. ಎರಡು ವಾರ ಕಳೆಯುವುದರೊಳಗೆ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯ ಸರದಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರು, ಅಷ್ಟೇ. ಅವರ ಕಾರಿಗಿಂತ ಮೊದಲೇ ಸಂದೇಶ ಮುಂದಿನ ಊರು ತಲುಪಿತ್ತು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಪ್ರಾಣ ಕಳೆದುಕೊಂಡ.

ಆ ಸುದ್ದಿ ಓದಿದ ರಾತ್ರಿ ತಂಗಿಗೆ ಫೋನು ಮಾಡಿ, ನಾವು ಕಳಿಸಿದ ವೀಡಿಯೋ ಸುಳ್ಳು, ಅಳಿಸಿಬಿಡು ಎಂದೆವು. ಅವಳು ಅಷ್ಟರಲ್ಲಿ ಅದನ್ನು ತನ್ನ ಓಣಿಯ ಗುಂಪಿಗೆ ದಾಟಿಸಿದ್ದಳು. "ನೀವು ಕಳಿಸಿದ್ದು ಅಂತಲೇ ನಂಬಿದೆ ಭಾಯಿ" ಎಂದಳು.

ಮದ್ರಸಾದಲ್ಲಿ ನಾಲ್ಕಕ್ಷರ ಕಲಿತವರಿಗೆ ಈ ಮಾತು ಚುಚ್ಚದೆ ಇರುವುದಿಲ್ಲ. ಹದೀಸ್ ವಿದ್ವಾಂಸರು ಮಾತಿನಷ್ಟೇ ಅದನ್ನು ತಂದವರನ್ನೂ ನೋಡಿದರು. ಯಾರಿಂದ ಯಾರು ಕೇಳಿದರು ಎಂಬ ಸನದು ಬೇಕು. ಕೊಂಡಿಯಲ್ಲಿರುವವರ ನೆನಪು, ನಡತೆ ತಿಳಿಯಲು ಒಂದು ಪ್ರತ್ಯೇಕ ಶಾಸ್ತ್ರವೇ ಬೆಳೆಯಿತು. ಕೊಂಡಿಯ ಎಲ್ಲರೂ ಸಜ್ಜನರಾಗಿದ್ದು, ನಡುವೆ ಒಬ್ಬನ ಹೆಸರು ಕಾಣೆಯಾದರೂ ಆ ವರದಿ ದುರ್ಬಲ. ನಮ್ಮ ಗುಂಪುಗಳಲ್ಲಿ ನಡೆಯುವುದು ಇದೇ. ತಂಗಿ ಒಳ್ಳೆಯವಳು, ನಾವು ಕೆಟ್ಟವರಲ್ಲ, ನಮಗೆ ಕಳಿಸಿದ ಗೆಳೆಯ ಐದು ಹೊತ್ತಿನ ನಮಾಝಿ. ಮೊದಲನೆಯವನು ಯಾರು? ಯಾರಿಗೂ ಗೊತ್ತಿಲ್ಲ. ಆದರೂ ಮುಂದಿನವರು ನಮ್ಮ ಮುಖ ನೋಡಿ ನಂಬುತ್ತಾರೆ. 'ಬಂದದ್ದನ್ನು ಹಾಗೆಯೇ ಕಳಿಸಿದ್ದೇವೆ' ಎಂದು ಕೆಳಗೆ ಬರೆದರೆ ಹೊಣೆ ತಪ್ಪುವುದೇ? ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದನ್ನೇ ಸುಳ್ಳಿನ ಲೆಕ್ಕಕ್ಕೆ ಸೇರಿಸಿದ ಪ್ರವಾದಿಯವರ(ಸ) ಅನುಯಾಯಿಗಳು ನಾವು.

ಒಂದು ತಮಾಷೆ. ಖಾಲಿ ಚೀಲ ತೋರಿಸಿ ಕುದುರೆಯನ್ನು ಮೋಸದಿಂದ ಕರೆದವನ ಬಳಿ ಇಮಾಮ್ ಬುಖಾರಿ ಹದೀಸ್ ಸ್ವೀಕರಿಸದೆ ಮರಳಿದರೆಂಬ ಕಥೆಯನ್ನು ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೇವೆ. ಆ ಕಥೆಗೇ ಗಟ್ಟಿ ಸನದಿಲ್ಲವಂತೆ!

ಕಂಪೆನಿಗಳೂ ಸರಕಾರಗಳೂ ಎಣಿಕೆಯ ಬೇಲಿ ಹಾಕಿ ನೋಡಿವೆ. 2012ರ ಆಗಸ್ಟಿನಲ್ಲಿ ಈಶಾನ್ಯದ ಸಾವಿರಾರು ಜನ ವದಂತಿಗೆ ಹೆದರಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದಾಗ, ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ಸು ಒಟ್ಟಿಗೆ ಹೋಗದಂತೆ ಸರಕಾರ ಕೆಲವು ದಿನ ತಡೆಯಿತು. 2018ರಲ್ಲಿ ವಾಟ್ಸಾಪ್ ಕೂಡ ಭಾರತದಲ್ಲಿ ಐದಕ್ಕೇ ಮಿತಿ ಹಾಕಿತು. ವೇಗವೇನೋ ತಗ್ಗೀತು. ಆದರೆ ಆ ಐದರಲ್ಲಿ ಒಂದು ನಮ್ಮ ತಂಗಿಗೆ ಹೋಗುವುದಾದರೆ?

ನಗೆಹನಿಯ ಪಾಡು ಇನ್ನೂ ಕಷ್ಟ. ಜೋಕಿಗೆ ಸನದು ಕೇಳುವವರನ್ನು ಜನ ಅರಸಿಕರೆನ್ನುತ್ತಾರೆ. ಆದರೂ ಒಂದು ಸಮುದಾಯದ ಮೇಲಿನ ಎಷ್ಟೋ ಸುಳ್ಳು ನಗೆಯ ಬಾಗಿಲಿನಿಂದಲೇ ಒಳಗೆ ಬಂದಿದೆ. ನಮ್ಮ ಗಡ್ಡ-ಟೋಪಿಗಳ ಮೇಲಿನವು ಬಂದಾಗ ಉರಿದುಬೀಳುವ ನಾವು, ಬೇರೆಯವರ ಮೇಲಿನವನ್ನು ನಕ್ಕು ಮುಂದಕ್ಕೆ ದಾಟಿಸಿದ್ದೂ ಉಂಟು.

ತಂಗಿ ಈಗ, ನಾವು ಹಳೆಯ ಕವ್ವಾಲಿ ಕಳಿಸಿದರೂ, "ಇದು ಯಾರು ಕೊಟ್ಟದ್ದು ಭಾಯಿ?" ಎಂದು ಕೇಳುತ್ತಾಳೆ. ಮೊದಮೊದಲು ಕೋಪ ಬರುತ್ತಿತ್ತು.