ತೆನೆಗೂ ಬಳ್ಳಕ್ಕೂ ನಡುವಿನ ಕಣ

‘ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ’ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಕಾಸು ಕೂಡಿಡುವ ಮಾತು ಬಂದಾಗ ನೆನೆಯುತ್ತೇವೆ. ಆದರೆ ಅದರ ಎರಡು ತುಂಡುಗಳು ಹೇಳುವುದು ಒಂದೇ ಮಾತಲ್ಲ. ಹನಿ ಹಳ್ಳವಾಗಲು ಇಳಿಜಾರು ಸಾಕು, ನೀರು ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ತೆನೆ ಹಾಗೆ ತಾನಾಗಿ ಬಳ್ಳಕ್ಕೆ ಬಂದು ಬೀಳುವುದಿಲ್ಲ. ಕಲಬುರಗಿ ಜಿಲ್ಲೆಯ ಕೋಡ್ಲಾ, ಸೇಡಂ ಸುತ್ತಿನ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಯ್ಲಿನ ಹೊತ್ತಿಗೆ ಎರೆ ನೆಲ ಬೆರಳು ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಅದರ ಮೇಲೆ ತೆನೆ ಬಡಿದರೆ ವರ್ಷದ ದುಡಿಮೆಯ ಕಾಳು ಬಿರುಕಿನೊಳಗೆ ಇಳಿದುಹೋಗುತ್ತದೆ. ಅದಕ್ಕೇ ಹಿರಿಯರು ರಾಶಿಗೆ ಮೊದಲು ನೆಲ ಕೆತ್ತಿ, ನೀರು ಹೊಡೆದು, ದನ ತುಳಿಸಿ, ಸಗಣಿ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ಮೇಟಿ ನೆಟ್ಟು ಹಂತಿ ಹೂಡುತ್ತಿದ್ದರು. ತೆನೆಗೂ ಬಳ್ಳಕ್ಕೂ ನಡುವೆ ಇರುವುದು ಈ ಕಣ. ಗಾದೆ ಅದರ ಹೆಸರೆತ್ತುವುದಿಲ್ಲ. ‘ಗೂಡಿದರೆ’ ಎಂಬ ಪದದ ಕೊನೆಯ ‘ರೆ’ಯಲ್ಲಿ ಅದನ್ನು ಅಡಗಿಸಿಟ್ಟಿದೆ.

ಕಾಳು ಬಡಿಯುವ ಜಾಗಕ್ಕೂ ಪೈಲ್ವಾನ ಇಳಿಯುವ ಜಾಗಕ್ಕೂ ಕನ್ನಡದಲ್ಲಿ ಒಂದೇ ಹೆಸರು, ಕಣ. ಯಾರೂ ನಿರೀಕ್ಷಿಸದ ಎತ್ತರಕ್ಕೆ ದುಡಿದು ಏರಿದ ಕಾಲೇಜು ಕ್ರೀಡಾಪಟುಗಳ ಬಗ್ಗೆ ಮಾತಾಡುವಾಗ ಈ ಎರಡೂ ಅರ್ಥಗಳನ್ನು ಕೂಡಿಸಿಯೇ ನೋಡಬೇಕು. ಬೆವರು ಹರಿಸಿದರೆ ಗೆಲುವು ಎನ್ನುವುದು ಅರ್ಧ ಮಾತು. ಹರಿದ ಬೆವರು ದಿನದಿನವೂ ಒಂದೆಡೆ ಕೂಡಿಬಂದಿತೇ ಎಂಬುದು ಉಳಿದರ್ಧ.

ಉಡುಪಿ ಜಿಲ್ಲೆಯ ವಂಡ್ಸೆಯ ಗುರುರಾಜ ಪೂಜಾರಿಯವರನ್ನೇ ನೋಡಿ. ತಂದೆ ಪಿಕಪ್ ವಾಹನ ಓಡಿಸುತ್ತಿದ್ದರು, ಮನೆ ತುಂಬ ಮಕ್ಕಳು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದದ್ದನ್ನು ಕಂಡು ಹುಡುಗ ಹೊರಟದ್ದು ಕುಸ್ತಿಗೆ. ಅವರ ಕೈಗೆ ಭಾರದ ಸರಳು ಬಂದದ್ದು ಉಜಿರೆಯ ಎಸ್‌ಡಿಎಂ ಕಾಲೇಜು ಸೇರಿದ ಮೇಲೆ, ಅಲ್ಲಿನ ತರಬೇತುದಾರರ ಕಣ್ಣಿಗೆ ಬಿದ್ದ ಮೇಲೆ. ಭಾರ ಎತ್ತುವ ಆಟದಲ್ಲಿ ಹತ್ತು ಹನ್ನೆರಡರ ವಯಸ್ಸಿಗೇ ಪಟ್ಟು ಕಲಿತವರೊಡನೆ ಸೆಣಸಬೇಕು; ಕಾಲೇಜಿನಲ್ಲಿ ಶುರು ಮಾಡಿದವನ ಮೇಲೆ ದೊಡ್ಡ ಆಸೆ ಇಡುವವರು ಕಡಿಮೆ. ಮುಂದೆ ವಾಯುಪಡೆಯ ಕೆಲಸ ಸಿಕ್ಕಿತು, ಅಭ್ಯಾಸ ನಿಲ್ಲಲಿಲ್ಲ. 2018ರ ಏಪ್ರಿಲ್ 5ರಂದು ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಅವರು ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದೇ.

ಆ ದಿನದ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸ್ನ್ಯಾಚ್‌ನಲ್ಲಿ 111 ಕಿಲೋ ಎತ್ತಿದ್ದರು. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲ ಎರಡು ಯತ್ನಗಳೂ ಕೈಕೊಟ್ಟವು. ಇರುವುದು ಮೂರೇ ಅವಕಾಶ. ಮೂರನೆಯದೂ ಹೋದರೆ ಮೊದಲು ಎತ್ತಿದ 111 ಕೂಡ ಲೆಕ್ಕಕ್ಕೆ ಬರುವುದಿಲ್ಲ, ಹೆಸರಿನ ಮುಂದೆ ಮೊತ್ತವೇ ಇರುವುದಿಲ್ಲ. ಸರಳಿನ ಮೇಲೆ 138 ಕಿಲೋ. ಎತ್ತಿದರು. ಒಟ್ಟು 249. ಕಂಚು ಪಡೆದ ಶ್ರೀಲಂಕಾದ ಚತುರಂಗ ಲಕ್ಮಲ್ ಅವರದು 248. ನಾಲ್ಕು ವರ್ಷದ ನಂತರ ಇದೇ ಕೂಟ ನಡೆದ ಬರ್ಮಿಂಗ್‌ಹ್ಯಾಮ್‌ನಲ್ಲಿ, 61 ಕಿಲೋ ವಿಭಾಗದಲ್ಲಿ, ಗುರುರಾಜ 118 ಮತ್ತು 151 ಸೇರಿ 269 ಕಿಲೋ ಎತ್ತಿ ಕಂಚು ಗೆದ್ದರು. ಅಲ್ಲಿ ನಾಲ್ಕನೆಯವರಾದ ಕೆನಡಾದ ಯೂರಿ ಸಿಮಾರ್ಡ್ ಎತ್ತಿದ್ದು 268. ಎರಡು ಕೂಟ, ಎರಡು ಪದಕ, ಎರಡು ಸಲವೂ ಅಂತರ ಒಂದೇ ಕಿಲೋ. ಈ ಆಟದಲ್ಲಿ ಹಿಂದೆ ಭಾರವನ್ನು ಎರಡೂವರೆ ಕಿಲೋ ಲೆಕ್ಕದಲ್ಲಿ ಏರಿಸುತ್ತಿದ್ದರು. ಒಂದೊಂದೇ ಕಿಲೋ ಏರಿಸುವ ನಿಯಮ ಬಂದದ್ದು 2005ರಲ್ಲಿ. ಸರಳಿನ ಈ ತುದಿಗೆ ಅರ್ಧ, ಆ ತುದಿಗೆ ಅರ್ಧ ಕಿಲೋದ ಬಿಲ್ಲೆ ಹಾಕಿದರೆ ಆಗುವಷ್ಟೇ ಭಾರ. ಒಂದು ತೆನೆಯ ಬೆಲೆ ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ.

ಇದಕ್ಕೆ ಎದುರಾಗಿ ಹೇಳುವವರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ದುಡಿಮೆಯಲ್ಲಿ ಸಿಮಾರ್ಡ್ ಕಡಿಮೆ ಇದ್ದರೇ, ಅವರಿಗೇಕೆ ಪದಕ ಇಲ್ಲ ಎಂದು ಕೇಳಬಹುದು. ಗಾದೆ ಪದಕದ ಮಾತು ಕೊಟ್ಟಿಲ್ಲ, ಬಳ್ಳದ ಮಾತು ಕೊಟ್ಟಿದೆ. 268 ಕಿಲೋ ಎತ್ತಿದವರ ಬಳ್ಳ ತುಂಬಿಯೇ ಇತ್ತು, ಪಕ್ಕದವರ ಬಳ್ಳದಲ್ಲಿ ಒಂದು ಹಿಡಿ ಹೆಚ್ಚಿತ್ತು, ಅಷ್ಟೇ. ಹೀಗೆ ಓದಿದರೆ ಸೋತವರ ದುಡಿಮೆಗೆ ಅವಮಾನ ಆಗುವುದಿಲ್ಲ. ಗೆದ್ದವರನ್ನಷ್ಟೇ ತೋರಿಸಿ ‘ನೋಡು, ಕಷ್ಟಪಟ್ಟರೆ ಸಿಗುತ್ತದೆ’ ಎಂದು ಮಕ್ಕಳಿಗೆ ಹೇಳುವುದು ಸೋತ ನೂರಾರು ಜನರನ್ನು ಸೋಮಾರಿಗಳೆಂದು ಕರೆದ ಹಾಗೆ. ಅದು ನನಗೆ ಒಪ್ಪಿಗೆಯಿಲ್ಲ. ಇನ್ನು ಕೆಲವರು, ಹಾಗಾದರೆ ಗೆದ್ದದ್ದು ಕಾಲೇಜು, ವಾಯುಪಡೆ, ತರಬೇತಿ, ಹುಡುಗನದೇನು ಎನ್ನುತ್ತಾರೆ. ಕಣ ಎಷ್ಟೇ ಚೆನ್ನಾಗಿ ಸಾರಿಸಿದ್ದರೂ ಹೊಲದಲ್ಲಿ ತೆನೆ ಇಲ್ಲದಿದ್ದರೆ ತೂರುವುದೇನನ್ನು? ಎರಡು ಸಲ ಕೆಳಗೆ ಬಿದ್ದ ಸರಳಿನ ಮುಂದೆ ಮೂರನೆಯ ಸಲ ನಿಂತವರು ಗುರುರಾಜರೇ, ಅವರ ಪರವಾಗಿ ಬೇರೆ ಯಾರೂ ನಿಲ್ಲುವಂತಿರಲಿಲ್ಲ.

ಆದರೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಬಿರುಕಿಗೆ ಬಿದ್ದ ಕಾಳಿನ ಕಡೆಗೆ. ಶಹಾಬಾದ, ವಾಡಿ, ಚಿತ್ತಾಪುರದ ಗಣಿಗಳಲ್ಲಿ ಫರ್ಸಿ ಕಲ್ಲು ಎತ್ತಿ ಲಾರಿಗೆ ಏರಿಸುವ ಕೈಗಳಿಗೆ ಬಲ ಕಡಿಮೆಯೇ? ಆ ಮನೆಗಳ ಮಕ್ಕಳೂ ಕಾಲೇಜಿಗೆ ಬರುತ್ತಾರೆ. ಆದರೆ ಫರ್ಸಿ ಎತ್ತುವ ಬಲ ಬೇರೆ, ಸರಳು ಎತ್ತುವ ಪಟ್ಟು ಬೇರೆ. ಸರಳು ಮೈಗೆ ಒತ್ತಿಕೊಂಡೇ ಮೇಲೇರಬೇಕು, ಅದು ಏರುವ ಗಳಿಗೆಯಲ್ಲೇ ಎತ್ತುವವನು ಅದರ ಅಡಿಗೆ ಕುಸಿದು ಕೂರಬೇಕು. ಪಕ್ಕದಲ್ಲಿ ನಿಂತು ತಿದ್ದುವವರಿಲ್ಲದೆ ಇದು ಬರುವುದಿಲ್ಲ. ಬಂದರೂ ಸೊಂಟ ಮುರಿದುಕೊಂಡು ಬರುತ್ತದೆ. ಓಟಕ್ಕೂ ಇದೇ ಮಾತು. ಚಿಂಚೋಳಿಯ ಕಡೆ ನಸುಕಿನಲ್ಲಿ ಹೊಲದ ದಾರಿ ಹಿಡಿದು ಓಡುವ ಹುಡುಗಿಯ ಇವತ್ತಿನ ಓಟ ನಿನ್ನೆಯದಕ್ಕಿಂತ ಅರೆ ಸೆಕೆಂಡು ಚುರುಕಾಗಿದ್ದರೆ, ಅದನ್ನು ಕಂಡವರು ಯಾರು?

ಕಲ್ಯಾಣ ಕರ್ನಾಟಕದ ಈ ಭಾಗ ಹಿಂದೆ ಬಿದ್ದಿದೆ ಎಂದು ಸಂವಿಧಾನವೇ ಒಪ್ಪಿ 371(ಜೆ) ವಿಧಿ ಬಂತು. ಕಾಲೇಜಿನ ಸೀಟು, ನೌಕರಿ, ರಸ್ತೆಗಳನ್ನು ನಾವು ಲೆಕ್ಕ ಹಾಕುತ್ತೇವೆ, ಹಾಕಲೇಬೇಕು. ಅದೇ ಲೆಕ್ಕದಲ್ಲಿ ತಾಲ್ಲೂಕಿನ ಕಾಲೇಜಿಗೊಬ್ಬ ಪೂರ್ಣಾವಧಿ ತರಬೇತುದಾರರನ್ನೂ ಸೇರಿಸಬೇಕೆಂದು ನಾನು ಕೇಳುತ್ತೇನೆ. ಸಿಂಥೆಟಿಕ್ ಟ್ರ್ಯಾಕ್ ಆಮೇಲೆ ಬರಲಿ. ಮೊದಲು ಒಂದು ಸ್ಟಾಪ್‌ವಾಚು, ಒಂದು ಗೆರೆಪುಸ್ತಕ, ದಿನಾ ನಸುಕಿನ ಐದೂವರೆಗೆ ಮೈದಾನದಲ್ಲಿ ನಿಂತು ಆ ಅರೆ ಸೆಕೆಂಡನ್ನು ಹೆಸರಿನ ಮುಂದೆ ಬರೆದಿಡುವ ಒಬ್ಬರು.