ಅವರೇ ಆರಿಸಿಕೊಂಡ ನರಕ

ದೇವರು ಯಾರನ್ನೂ ನರಕಕ್ಕೆ ತಳ್ಳುವುದಿಲ್ಲ, ಹೋಗುವವರು ತಾವಾಗಿಯೇ ಹೋಗುತ್ತಾರೆ. ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ಈಗ ನರಕದ ಬಗ್ಗೆ ಕೇಳಿಬರುವ ಮಾತು ಇದೊಂದೇ. ಧ್ಯಾನಕೂಟಗಳಲ್ಲಿ ಕೇಳಿದ್ದೇನೆ, ಸಾವಿನ ಮನೆಗಳಲ್ಲಿ ಕೇಳಿದ್ದೇನೆ, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದ ಕಾಲದಲ್ಲಿ ನಾನೇ ಪಾಠದ ಪುಸ್ತಕದಿಂದ ಓದಿ ಹೇಳಿದ್ದೇನೆ. ಹೇಳುವವರ ದನಿಯಲ್ಲಿ ದೊಡ್ಡ ಭಾರವೊಂದು ಇಳಿದ ನೆಮ್ಮದಿ ಇರುತ್ತದೆ. ಬೆಂಕಿ ಹೋಯಿತು, ಗಂಧಕ ಹೋಯಿತು. ದೇವರ ಪ್ರೀತಿಯೂ ಉಳಿಯಿತು, ಮನುಷ್ಯನ ಸ್ವಾತಂತ್ರ್ಯವೂ ಉಳಿಯಿತು ಎಂಬ ನೆಮ್ಮದಿ. ನನಗೆ ಸಿಟ್ಟು ಬರುತ್ತದೆ. ಹಳೆಯ ನರಕ ಕ್ರೂರವಾಗಿತ್ತು, ನಿಜ. ಆದರೆ ಅಲ್ಲಿ ಒಬ್ಬ ನ್ಯಾಯಾಧೀಶನಿದ್ದ. ತೀರ್ಪು ತನ್ನದೆಂದು ಹೇಳುತ್ತಿದ್ದ. ಹೊಸ ನರಕದಲ್ಲಿ ನೋವು ಅಷ್ಟೇ ಇದೆ, ಅದಕ್ಕೆ ಕೊನೆಯೂ ಇಲ್ಲ. ಹೊಣೆ ಹೊರುವವನು ಮಾತ್ರ ಜಾಗ ಖಾಲಿ ಮಾಡಿದ್ದಾನೆ.

ಇದು ಯಾರೋ ಒಬ್ಬ ಬೋಧಕನ ಸ್ವಂತ ಕಲ್ಪನೆಯಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಚರ್ಚಿನ ಧರ್ಮೋಪದೇಶ ಗ್ರಂಥವೇ ನರಕವನ್ನು ಮನುಷ್ಯ ತನ್ನನ್ನು ತಾನೇ ದೇವರಿಂದ ಹೊರಗಿಟ್ಟುಕೊಳ್ಳುವ ಸ್ಥಿತಿಯೆಂದು ವಿವರಿಸುತ್ತದೆ. 1999ರಲ್ಲಿ ಪೋಪ್ ಎರಡನೇ ಜಾನ್ ಪೌಲರೂ ಅದನ್ನೇ ವಿಸ್ತರಿಸಿದರು. ಈ ವಿವರಣೆ ನಿಲ್ಲುವುದಿಲ್ಲ, ಎಲ್ಲರೂ ಕೊನೆಗೆ ರಕ್ಷಣೆ ಹೊಂದುತ್ತಾರೆ ಎಂಬ ನಂಬಿಕೆಯೇ ಶುಭಸಂದೇಶಕ್ಕೆ ಹತ್ತಿರ ಎಂದು ತೋರಿಸುವುದು ನನ್ನ ಉದ್ದೇಶ.

ಈ ವಾದದ ಹಳೆಯ ಕಣಗಳಲ್ಲಿ ಹೆಚ್ಚು ಹೊತ್ತು ನಿಲ್ಲುವ ಮನಸ್ಸು ನನಗಿಲ್ಲ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಒರಿಗೆನ್ ಆತ್ಮಗಳೆಲ್ಲ ಕೊನೆಗೆ ದೇವರಲ್ಲಿಗೆ ಮರಳುತ್ತವೆಂದು ಯೋಚಿಸಿದ. ಸತ್ತ ಸುಮಾರು ಮುನ್ನೂರು ವರ್ಷಗಳ ಮೇಲೆ, 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಕಾಲಕ್ಕೆ, ಅವನ ಹೆಸರು ಖಂಡಿತರ ಸಾಲಿಗೆ ಸೇರಿತು. ಅದೇ ಆಸೆ ಹೊತ್ತಿದ್ದ ನಿಸ್ಸಾದ ಗ್ರೆಗರಿ ಸಂತನಾಗಿಯೇ ಉಳಿದ. ಅಗಸ್ಟೀನ್ ‘ದೇವನಗರ’ದ 21ನೆಯ ಪುಸ್ತಕದಲ್ಲಿ ದೇಹ ಬೂದಿಯಾಗದೆ ಸದಾ ಉರಿಯುವುದು ಹೇಗೆ ಸಾಧ್ಯವೆಂದು ಪುಟಗಟ್ಟಲೆ ಬರೆದ. ನಿತ್ಯ ಶಿಕ್ಷೆಯ ಮಾತಿರುವ ಮತ್ತಾಯನ 25ನೆಯ ಅಧ್ಯಾಯವನ್ನು ಒಬ್ಬರು ಮುಂದಿಟ್ಟರೆ, ಎಲ್ಲರ ರಕ್ಷಣೆಯೇ ದೇವರ ಇಚ್ಛೆ ಎನ್ನುವ ತಿಮೊಥೆಯನಿಗೆ ಬರೆದ ಪತ್ರವನ್ನು ಇನ್ನೊಬ್ಬರು ಮುಂದಿಡುತ್ತಾರೆ. ವಾಕ್ಯಕ್ಕೆ ವಾಕ್ಯ ಎದುರಿಟ್ಟು ಯಾರೂ ಯಾರನ್ನೂ ಒಪ್ಪಿಸಿದ್ದು ನಾನು ಕಂಡಿಲ್ಲ.

ನಾನು ಸೆಣಸಬೇಕಾದವನು ಸಿ.ಎಸ್. ಲೂಯಿಸ್. ಆಯ್ದುಕೊಂಡ ನರಕದ ಕಲ್ಪನೆಗೆ ನಮ್ಮ ಕಾಲದಲ್ಲಿ ಅವನಷ್ಟು ಬಲ ತುಂಬಿದವರು ಇನ್ನೊಬ್ಬರಿಲ್ಲ. ಆಕ್ಸ್‌ಫರ್ಡಿನಲ್ಲಿ ಸಾಹಿತ್ಯ ಕಲಿಸುತ್ತಿದ್ದ ಲೂಯಿಸ್ 1940ರ ‘ದಿ ಪ್ರಾಬ್ಲಮ್ ಆಫ್ ಪೇನ್’ನಲ್ಲಿ ಇದನ್ನು ವಾದವಾಗಿ ಇಟ್ಟ, 1945ರ ‘ದಿ ಗ್ರೇಟ್ ಡಿವೋರ್ಸ್’ನಲ್ಲಿ ಕಥೆಯಾಗಿ ಹೇಳಿದ. ಸದಾ ಮುಸ್ಸಂಜೆಯ, ಜಿಟಿಜಿಟಿ ಮಳೆಯ ಒಂದು ಊರು. ಅಲ್ಲಿಂದ ಸ್ವರ್ಗದ ಅಂಚಿಗೆ ಬಸ್ಸು ಹೊರಡುತ್ತದೆ. ಬೇಕಾದವರು ಹತ್ತಬಹುದು, ಬೇಕಾದವರು ಅಲ್ಲೇ ಉಳಿಯಬಹುದು. ಇಳಿದವರಿಗೆ ತಾವು ಬರೀ ನೆರಳುಗಳೆಂದು ಗೊತ್ತಾಗುತ್ತದೆ, ಅಲ್ಲಿನ ಹುಲ್ಲು ಕೂಡ ಕಾಲಿಗೆ ಚುಚ್ಚುತ್ತದೆ. ಒಬ್ಬನನ್ನು ಎದುರುಗೊಳ್ಳಲು ಬಂದವನು ಹಿಂದೆ ಅವನ ಕೈಕೆಳಗೆ ದುಡಿದವನು, ಕೊಲೆ ಮಾಡಿದವನು. ಅಂಥವನು ಇಲ್ಲಿರುವಾಗ ಮರ್ಯಾದಸ್ಥನಾದ ತಾನು ದಯೆ ಬೇಡಬೇಕೇ ಎಂದು ಈತ ಸಿಡುಕುತ್ತಾನೆ. ತನಗೆ ಬೇಕಾದದ್ದು ತನ್ನ ಹಕ್ಕು ಮಾತ್ರ ಎಂದು ಬಸ್ಸಿಗೆ ಮರಳುತ್ತಾನೆ. ಹೀಗೆ ಹೆಚ್ಚುಕಡಿಮೆ ಎಲ್ಲರೂ ಮರಳುತ್ತಾರೆ. ಯಾರೂ ಅವರನ್ನು ಅಟ್ಟುವುದಿಲ್ಲ.

ಈ ಕಥೆಗೆ ನನ್ನ ಮೊದಲ ಆಕ್ಷೇಪ ಉಡುಪಿಯ ಕಡೆಯಿಂದ ಬಂದದ್ದು. ನಿತ್ಯ ನರಕವೆಂಬುದು ಪರದೇಶದ ಸರಕು, ನಮ್ಮ ನೆಲದಲ್ಲಿ ಎಲ್ಲ ಜೀವಕ್ಕೂ ಒಂದು ದಿನ ಮುಕ್ತಿಯುಂಟು ಎಂದು ಗೆಳೆಯರು ಹೇಳುವುದುಂಟು. ಆದರೆ 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಜೀವರನ್ನು ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ವಿಂಗಡಿಸಿದರು. ತಮೋಯೋಗ್ಯರಿಗೆ ಅಂಧಂತಮಸ್ಸಿನಿಂದ ಬಿಡುಗಡೆಯಿಲ್ಲ. ಈ ಮಾತು ನನ್ನನ್ನು ನಡುಗಿಸುತ್ತದೆ. ಆದರೂ ಅದರೊಳಗೆ ಒಂದು ತರ್ಕವಿದೆ. ಮಧ್ವರಲ್ಲಿ ಜೀವ ಅನಾದಿ. ಅದರ ಸ್ವರೂಪವನ್ನು ದೇವರು ಹೊಸದಾಗಿ ಹುಟ್ಟಿಸಲಿಲ್ಲ. ನಾವು ಕ್ರೈಸ್ತರು ಹೇಳುವುದು ಬೇರೆ: ದೇವರು ಎಲ್ಲವನ್ನೂ ಶೂನ್ಯದಿಂದ ಸೃಷ್ಟಿಸಿದ, ಯಾವ ಒತ್ತಾಯವೂ ಇಲ್ಲದೆ, ಮುಂದಾಗುವುದನ್ನೆಲ್ಲ ಬಲ್ಲವನಾಗಿ ಸೃಷ್ಟಿಸಿದ. ಹಾಗಾದರೆ ಕೊನೆಯಿಲ್ಲದ ನೋವನ್ನೇ ಆರಿಸಿಕೊಳ್ಳುವುದೆಂದು ಗೊತ್ತಿದ್ದ ಜೀವವನ್ನು ಹುಟ್ಟಿಸಿದ್ದು ಯಾರ ಆಯ್ಕೆ? ಬಸ್ಸಿಗೆ ಮರಳಿದವನು ಮಾಡಿದ್ದು ಎರಡನೆಯ ಆಯ್ಕೆ. ಮೊದಲನೆಯದು ಅವನದಾಗಿರಲಿಲ್ಲ.

ಎರಡನೆಯ ಆಕ್ಷೇಪ ಸ್ವಾತಂತ್ರ್ಯದ ಬಗ್ಗೆ. ಬಾವಿಕಟ್ಟೆಯ ಮೇಲೆ ಓಡುವ ಮಗುವನ್ನು ಹಿಡಿದೆಳೆದುಕೊಂಡ ತಾಯಿ ಅದರ ಸ್ವಾತಂತ್ರ್ಯವನ್ನು ಕಸಿದಳೆಂದು ಯಾರೂ ಹೇಳುವುದಿಲ್ಲ. ಬಾವಿ ಎಂದರೇನೆಂದು ಮಗುವಿಗೆ ಗೊತ್ತಿಲ್ಲ. ತನ್ನ ಹಿತವನ್ನು ಪೂರ್ತಿ ಕಂಡವನು ಅದನ್ನು ತಿರಸ್ಕರಿಸುವುದಿಲ್ಲ. ತಿರಸ್ಕರಿಸಿದರೆ ಪೂರ್ತಿ ಕಂಡಿಲ್ಲವೆಂದೇ ಅರ್ಥ. ಅರ್ಧ ಕಂಡು ಮಾಡಿದ ಆಯ್ಕೆಗೆ ಮುಗಿಯದ ಶಿಕ್ಷೆ ಹೇಗೆ ನ್ಯಾಯ? ಅಮೆರಿಕದ ಆರ್ಥೊಡಾಕ್ಸ್ ಚಿಂತಕ ಡೇವಿಡ್ ಬೆಂಟ್ಲಿ ಹಾರ್ಟ್ 2019ರ ತನ್ನ ಪುಸ್ತಕದಲ್ಲಿ ಈ ವಾದವನ್ನು ಬಹಳ ಗಟ್ಟಿಯಾಗಿ ಕಟ್ಟಿದ್ದಾನೆ. ಓದಿದಾಗ ಗೆದ್ದೆವೆಂದೇ ಅನ್ನಿಸಿತು.

ಆ ಗೆಲುವಿಗೆ ಅಡ್ಡ ಬರುವವರು ನನ್ನ ದೊಡ್ಡಪ್ಪ. ತೋಟದ ನಡುವಿನ ತೋಡಿನ ನೀರಿಗಾಗಿ ಅವರಿಗೂ ನನ್ನ ಅಪ್ಪನಿಗೂ ಮಾತು ಬಿಟ್ಟುಹೋಗಿತ್ತು. ವಿಷಯ ಕೋರ್ಟಿಗೆ ಹೋಯಿತು, ಅಪ್ಪನ ಕಡೆಗೆ ತೀರ್ಪಾಯಿತು. ಅದಾದ ಮೇಲೂ ನೀರನ್ನು ಸಮ ಹಂಚಿಕೊಳ್ಳೋಣವೆಂದು ಅಪ್ಪ ಹೇಳಿಕಳಿಸಿದರು, ಉತ್ತರ ಬರಲಿಲ್ಲ. ದೊಡ್ಡಪ್ಪ ಹಾಸಿಗೆ ಹಿಡಿದಾಗ ಅಪ್ಪ ಹೋಗಿ ಅವರ ಜಗಲಿಯಲ್ಲಿ ಕೂತರು. ಅಮ್ಮ ಒಳಗೆ ಹೋಗಿ, ತಮ್ಮ ಬಂದಿದ್ದಾರೆ, ಕರೆಯಲಾ ಎಂದು ಕೇಳಿದರು. ದೊಡ್ಡಪ್ಪ ಹೇಳಿದ್ದನ್ನು ಅಮ್ಮ ನಮಗೆ ಹಲವು ಸಲ ಹೇಳಿದ್ದಾರೆ: “ಅವನದ್ದೇ ಸರಿ ಅಂತ ನನಗೆ ಗೊತ್ತುಂಟು. ಗೊತ್ತಿರುವುದಕ್ಕೇ ಅವನ ಮುಖ ನೋಡುವುದಿಲ್ಲ.”

ಈ ಮಾತಿನೆದುರು ಹಾರ್ಟ್‌ನ ವಾದ ಕುಂಟುತ್ತದೆ. ದೊಡ್ಡಪ್ಪನಿಗೆ ಗೊತ್ತಿರಲಿಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ತಮ್ಮನ ಕೈ ಚಾಚಿದೆಯೆಂದು ಗೊತ್ತಿತ್ತು, ಹಿಡಿದರೆ ನೆಮ್ಮದಿಯೆಂದು ಗೊತ್ತಿತ್ತು, ಹಿಡಿಯಲಿಲ್ಲ. ನಿಜವಾದ ಅರಿವು ಅದಲ್ಲ, ಅದಕ್ಕಿಂತ ಆಳದ್ದೊಂದಿದೆ ಎಂದು ಹಾರ್ಟ್ ಹೇಳಬಹುದು. ಆದರೆ ಒಪ್ಪಿಕೊಂಡವರಿಗೆಲ್ಲ ಅರಿವಿತ್ತು, ನಿರಾಕರಿಸಿದವರಿಗೆಲ್ಲ ಇರಲಿಲ್ಲ ಎಂದು ಮೊದಲೇ ತೀರ್ಮಾನಿಸಿಬಿಟ್ಟರೆ, ಆ ವಾದ ಮನುಷ್ಯರನ್ನು ನೋಡುವುದನ್ನೇ ಬಿಟ್ಟಿದೆ ಎಂದಾಯಿತು. ಲೂಯಿಸ್ ನೋಡಿದ್ದಾನೆ. ಹಕ್ಕು ಕೇಳುತ್ತಾ ಬಸ್ಸಿಗೆ ಮರಳಿದವನನ್ನು ಓದುವಾಗ ನನ್ನ ಕಣ್ಣಿಗೆ ಕಾಣುವುದು ನಮ್ಮ ಊರಿನ ಮನುಷ್ಯನೇ. ಇಷ್ಟನ್ನು ಅವನಿಗೆ ಬಿಟ್ಟುಕೊಡಲೇಬೇಕು.

ಆದರೂ ಸಾವು ಯಾಕೆ ಕೊನೆಯ ಗಡಿಯಾಗಬೇಕು? ಬದುಕಿನುದ್ದಕ್ಕೂ ಕಾದ ದೇವರು ಒಂದು ಉಸಿರು ನಿಂತ ಮರುಕ್ಷಣ ಕಾಯುವುದನ್ನು ನಿಲ್ಲಿಸುವುದೇಕೆ? ಸತ್ತವರಿಗಾಗಿ ಬಲಿಪೂಜೆ ಹೇಳಿಸುವ, ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುವ ನಮ್ಮಂಥವರು ಸಾವಿನಾಚೆಗೂ ಆತ್ಮ ಬದಲಾಗುತ್ತದೆಂದು ಆಗಲೇ ನಂಬಿದ್ದೇವೆ. ಶುದ್ಧೀಕರಣ ಸ್ಥಳವೆಂದರೆ ಅದೇ. ಲೂಯಿಸನಿಗೂ ಈ ಪ್ರಶ್ನೆಯ ಕಾವು ತಟ್ಟಿದೆ. ತನ್ನ ಕಥೆಯಲ್ಲಿ ಮಾರ್ಗದರ್ಶಿಯಾಗಿ ಅವನು ತಂದದ್ದು ತಾನು ಗುರುವೆಂದು ಗೌರವಿಸುತ್ತಿದ್ದ ಸ್ಕಾಟ್‌ಲೆಂಡಿನ ಜಾರ್ಜ್ ಮ್ಯಾಕ್‌ಡೊನಾಲ್ಡನನ್ನು. ನಿಜಜೀವನದಲ್ಲಿ ಮ್ಯಾಕ್‌ಡೊನಾಲ್ಡ್ ದೇವರ ಬೆಂಕಿ ಶುದ್ಧಿಗೊಳಿಸುವ ಬೆಂಕಿ, ಕೊನೆಗೆ ಯಾರೂ ಹೊರಗುಳಿಯರು ಎಂದು ನಂಬಿದವನು. ಕ್ರಿಸ್ತನನ್ನು ಅರಿಯದೆ ಸತ್ತವರಿಗೂ ದಾರಿಯುಂಟೆಂಬ ಅವನ ಬೋಧನೆ ಅರಂಡೆಲ್ ಸಭೆಯ ಹಿರಿಯರಿಗೆ ಹಿಡಿಸಲಿಲ್ಲ. ಸಂಬಳ ಇಳಿಸಿದರು, ಅವನು 1853ರಲ್ಲಿ ಸಭಾಪಾಲಕನ ಕೆಲಸ ಬಿಟ್ಟ. ಅಷ್ಟು ಬೆಲೆ ತೆತ್ತವನ ಬಾಯಲ್ಲಿ ಲೂಯಿಸ್, ಕಾಲದೊಳಗಿರುವ ನಮಗೆ ಈ ಪ್ರಶ್ನೆಗೆ ಉತ್ತರ ದಕ್ಕದು ಎಂದು ಹೇಳಿಸುತ್ತಾನೆ. ಸತ್ತ ಗುರುವಿನಿಂದ ಅವನ ನಂಬಿಕೆಯನ್ನೇ ಮೆತ್ತಗೆ ಹಿಂತೆಗೆಸಿದ್ದನ್ನು ನಾನು ಕ್ಷಮಿಸಲಾರೆ. ಶಿಷ್ಯನಾದವನು ಗುರುವನ್ನು ಎದುರಿಸಬಹುದಿತ್ತು.

ಇನ್ನು ನನ್ನ ಮೂರನೆಯ ವಾದ, ನಾನು ಅತಿ ಹೆಚ್ಚು ನೆಚ್ಚಿದ್ದು. ಗೋವೆಯಲ್ಲಿ ನಾವು ಹೋಗಿ ಕೈಮುಗಿಯುವ ಸಂತ ಫ್ರಾನ್ಸಿಸ್ ಜೇವಿಯರ್ ಜಪಾನಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಬೋಧಿಸಿ, 1552ರ ಜನವರಿಯಲ್ಲಿ ಕೊಚ್ಚಿಯಿಂದ ಯೂರೋಪಿನ ಸಂಗಡಿಗರಿಗೆ ಪತ್ರ ಬರೆದ. ಹೊಸದಾಗಿ ಕ್ರೈಸ್ತರಾದ ಜಪಾನಿಯರು ಸತ್ತುಹೋದ ತಮ್ಮ ತಂದೆತಾಯಿ, ಹೆಂಡಿರುಮಕ್ಕಳಿಗೆ ನರಕದಿಂದ ಬಿಡುಗಡೆ ಉಂಟೇ ಎಂದು ಕೇಳುತ್ತಿದ್ದರಂತೆ. ಇಲ್ಲವೆಂದು ಜೇವಿಯರ್ ಹೇಳಿದಾಗ ಅತ್ತರಂತೆ. ಪ್ರೀತಿಯ ಗೆಳೆಯರು ಅಳುವುದನ್ನು ಕಂಡು ತನಗೂ ನೋವಾಯಿತೆಂದು ಅವನೇ ಬರೆದಿದ್ದಾನೆ. ನಾನು ಆ ಅಳುವ ಜಪಾನಿಯರ ಪಕ್ಷ. ಮನುಷ್ಯ ಒಂಟಿಯಾಗಿ ಮನುಷ್ಯನಾಗುವುದಿಲ್ಲ. ನನ್ನ ಅಪ್ಪನಿಗೆ ಈಜು ಕಲಿಸಿದ್ದು, ತೋಟದ ಕೆಲಸ ಕಲಿಸಿದ್ದು, ಇಗರ್ಜಿಗೆ ಹೆಗಲ ಮೇಲೆ ಹೊತ್ತೊಯ್ದದ್ದು ದೊಡ್ಡಪ್ಪ. ಅವರು ಎಂದೆಂದಿಗೂ ಹೊರಗಿದ್ದರೆ ಒಳಗಿರುವ ಅಪ್ಪ ಯಾರು? ಅಣ್ಣನನ್ನು ನೆನೆದರೆ ಆನಂದವಿಲ್ಲ, ಮರೆತರೆ ಅಪ್ಪನೇ ಇಲ್ಲ. ಆದ್ದರಿಂದ ಒಬ್ಬರು ರಕ್ಷಣೆ ಹೊಂದಬೇಕಾದರೆ ಎಲ್ಲರೂ ಹೊಂದಬೇಕು.

ಲೂಯಿಸ್ ಇದಕ್ಕೂ ಉತ್ತರ ಬರೆದಿಟ್ಟಿದ್ದಾನೆ. ಅವನ ಕಥೆಯಲ್ಲಿ ಸಾರಾ ಸ್ಮಿತ್ ಎಂಬ ಹೆಣ್ಣುಮಗಳು ಸ್ವರ್ಗದಿಂದ ಗಂಡನನ್ನು ಎದುರುಗೊಳ್ಳಲು ಬರುತ್ತಾಳೆ. ತನ್ನ ದುಃಖವನ್ನು ತೋರಿಸಿ ಅವಳನ್ನು ಕುಗ್ಗಿಸುವುದೇ ಅವನ ಹಳೆಯ ಚಾಳಿ. ಅಲ್ಲೂ ಅದನ್ನೇ ಆಡುತ್ತಾನೆ, ಆಡುತ್ತಾ ಕುಗ್ಗಿ ಇಲ್ಲವಾಗುತ್ತಾನೆ. ಅವಳ ಆನಂದ ಕದಲುವುದಿಲ್ಲ. ಬಾರದವರ ಹಟಕ್ಕೆ ಬಂದವರ ಸಂತೋಷವನ್ನು ಒತ್ತೆಯಿಡುವ ಅಧಿಕಾರ ಇರಬಾರದು ಎಂಬುದು ಅಲ್ಲಿನ ವಾದ. ಇದು ನಿರ್ದಯವೆಂದು ನಾನು ಬಹುಕಾಲ ಅಂದುಕೊಂಡಿದ್ದೆ. ಆಮೇಲೆ ನನಗೆ ದೊಡ್ಡಮ್ಮ ನೆನಪಾದರು.

ಅಣ್ಣತಮ್ಮಂದಿರ ಜಗಳದಲ್ಲಿ ದೊಡ್ಡಮ್ಮನ ಪಾತ್ರ ಏನೂ ಇರಲಿಲ್ಲ. ಆದರೆ ನಾವು ಭಾನುವಾರ ಎರಡನೆಯ ಪೂಜೆಗೆ ಹೋಗುತ್ತೇವೆಂದು ಅವರು ಕತ್ತಲಲ್ಲೆದ್ದು ಮೊದಲನೆಯದಕ್ಕೆ ಹೋಗಬೇಕಿತ್ತು. ನಮ್ಮ ಅಕ್ಕನ ಮದುವೆಗೆ ಬರಲಿಲ್ಲ, ಅಜ್ಜಿಯ ವರ್ಷದ ಪೂಜೆಯ ಊಟಕ್ಕೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಸೆರಗು ಎಳೆದುಕೊಂಡು ನಡೆದುಬಿಡುತ್ತಿದ್ದರು. ಗಂಡನ ಸಿಟ್ಟಿಗೆ ತಕ್ಕಂತೆ ಆ ಮನೆಯ ಹಗಲು ರಾತ್ರಿ ನಡೆಯುತ್ತಿತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಅವರು ಎರಡನೆಯ ಪೂಜೆಗೆ ಬರತೊಡಗಿದರು, ಪೂಜೆ ಮುಗಿಸಿ ನಮ್ಮಲ್ಲಿ ಊಟಕ್ಕೆ ಕೂರುತ್ತಿದ್ದರು, ಜೋರಾಗಿ ನಗುತ್ತಿದ್ದರು. ದೊಡ್ಡಪ್ಪ ಬಾರದ ಹೊರತು ಸ್ವರ್ಗ ಪೂರ್ಣವಾಗದು ಎಂದು ನಾನು ಸಾರಿದರೆ, ಈ ಹೆಂಗಸಿನ ನಗುವನ್ನು ಮತ್ತೆ ಅದೇ ಮನುಷ್ಯನ ಮರ್ಜಿಗೆ ಒಪ್ಪಿಸಿದಂತಾಗುತ್ತದೆ. ಎಲ್ಲರನ್ನೂ ಒಳಗೊಳ್ಳುವ ಪ್ರೀತಿಯ ಹೆಸರಿನಲ್ಲಿ ಹಾಗೆ ಕೇಳಿಕೊಳ್ಳುವುದು ಯಾವಾಗಲೂ ದೊಡ್ಡಮ್ಮನಂಥವರನ್ನೇ. ಹೊಂದಿಕೊಳ್ಳಿ, ಅವರು ಬರುವವರೆಗೆ ಕಾಯಿರಿ ಎಂದು.

ದೊಡ್ಡಪ್ಪ ಬದಲಾಗಿ ಬರುತ್ತಾರೆ, ಕೇಡೆಲ್ಲ ಸುಟ್ಟುಹೋಗಿ ತಮ್ಮನನ್ನು ಹೊತ್ತೊಯ್ದ ಅಣ್ಣನಾಗಿಯೇ ಬರುತ್ತಾರೆ ಎಂದು ಮ್ಯಾಕ್‌ಡೊನಾಲ್ಡನ ದನಿಯಲ್ಲಿ ಹೇಳಬಹುದು. ಹೇಳಿಯೂ ಹೇಳುತ್ತೇನೆ, ಆ ನಂಬಿಕೆಯನ್ನು ಬಿಡುವ ಇರಾದೆ ನನಗಿಲ್ಲ. ಆದರೆ ಬದಲಾದವರನ್ನೂ ಬರಮಾಡಿಕೊಳ್ಳಬೇಕಾದವರು ದೊಡ್ಡಮ್ಮನೇ. ಬರಮಾಡಿಕೊಳ್ಳಲಾರೆ ಎಂದು ಅವರು ಅಂದರೆ? ಆಗ ಬಾಗಿಲ ಹೊರಗೆ ನಿಲ್ಲುವವರು ಅವರೇ ಆಗಬೇಕೇ? ಸ್ವಿಸ್ ಚಿಂತಕ ಹಾನ್ಸ್ ಉರ್ಸ್ ಫಾನ್ ಬಾಲ್ತಸಾರ್ 1986ರಲ್ಲಿ, ಎಲ್ಲರ ರಕ್ಷಣೆ ನಮಗೆ ನಿಶ್ಚಯವಾಗಿ ತಿಳಿಯದು, ಆದರೆ ಎಲ್ಲರಿಗಾಗಿ ಆಶಿಸುವುದು ನಮ್ಮ ಕರ್ತವ್ಯ ಎಂದು ವಾದಿಸಿದ. ಒಳ್ಳೆಯ ಮಾತು. ಆದರೆ ನೋವುಂಡವರ ಪರವಾಗಿ, ಅವರನ್ನು ಕೇಳದೆ ಆಶಿಸುವ ಹಕ್ಕು ನನಗಿದೆಯೇ ಎಂಬುದಕ್ಕೆ ಅವನಲ್ಲೂ ನನಗೆ ಉತ್ತರ ಸಿಗಲಿಲ್ಲ.

ಹಾಗಾಗಿ ಸಾಧಿಸುತ್ತೇನೆಂದು ಹೊರಟದ್ದರಲ್ಲಿ ಅರ್ಧವಷ್ಟೇ ಕೈಯಲ್ಲಿ ಉಳಿದಿದೆ. ಶೂನ್ಯದಿಂದ ಸೃಷ್ಟಿಸಿದ ದೇವರು ಮನುಷ್ಯನ ಆಯ್ಕೆಯ ಹಿಂದೆ ಮರೆಯಾಗಿ ನಿಲ್ಲಲು ಬರುವುದಿಲ್ಲ. ನಿತ್ಯ ನರಕ ಇದ್ದರೆ ಅದು ಅವನದೂ ಹೌದು. ಇದನ್ನು ಯಾವ ಬೋಧಕನೆದುರೂ ಹೇಳಬಲ್ಲೆ. ಆದರೆ ಎಲ್ಲರೂ ಒಳಗೆ ಎಂಬ ಮಾತನ್ನು ಮೊದಲಿನ ಧೈರ್ಯದಲ್ಲಿ ಹೇಳಲಾರೆ. ಅಪ್ಪನಿಗೆ ಅಣ್ಣ ಬೇಕು, ದೊಡ್ಡಮ್ಮನಿಗೆ ಆ ಗಂಡನಿಂದ ಬಿಡುಗಡೆ ಬೇಕು. ಇಬ್ಬರು ಕೇಳುವುದೂ ನ್ಯಾಯ. ಎರಡೂ ಒಟ್ಟಿಗೆ ನಡೆಯುವ ಸ್ವರ್ಗ ಹೇಗಿರುತ್ತದೆಂದು ಒರಿಗೆನ್ ನನಗೆ ಹೇಳಲಿಲ್ಲ, ಲೂಯಿಸನೂ ಹೇಳಲಿಲ್ಲ. ಅದು ತಿಳಿಯುವವರೆಗೆ ದೊಡ್ಡಪ್ಪನ ಆತ್ಮಕ್ಕಾಗಿ ಪೂಜೆ ಹೇಳಿಸುತ್ತೇನೆ, ಅದನ್ನು ದೊಡ್ಡಮ್ಮನ ಹೆಸರಿನಲ್ಲಿ ಮಾತ್ರ ಹೇಳಿಸುವುದಿಲ್ಲ.